ಖಾಲಿಯಾಗಿ ಬರುತ್ತಿದ್ದ ನೀರಿನ ಕ್ಯಾನು

ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಸೌಟಿನಿಂದ. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಸೌಟು ಅಮ್ಮನ ಕೈಯಲ್ಲಿದ್ದರೆ ಅಪ್ಪನ ತಟ್ಟೆಗೆ ಅನ್ನ ಅಳತೆಯಲ್ಲಿ ಬೀಳುತ್ತಿತ್ತು. ಅಜ್ಜಿಯ ಕೈಗೆ ಹೋಯಿತೋ, ಗುಡ್ಡವಾಗುತ್ತಿತ್ತು.

"ಅತ್ತೆ, ಸಾಕು. ಮೊನ್ನೆ ತಾನೇ ಬೆಲ್ಟಿಗೆ ಇನ್ನೊಂದು ತೂತು ಹಾಕಿಸ್ಕೊಂಡು ಬಂದಿದಾರೆ."

"ಬೆಳಗಿಂದ ಸಂಜೆ ತನಕ ಆಕಾಶದಲ್ಲಿ ಕೂತು ಬಂದವನಿಗೆ ಒಂದು ಸೌಟು ಅನ್ನ ಹಾಕೋಕೂ ನಿನ್ನ ಅಪ್ಪಣೆ ಬೇಕೇನಮ್ಮಾ?"

"ಆಕಾಶದಲ್ಲಿ ಕೂತಿರ್ತಾರೆ ಅಷ್ಟೆ. ಹಾರಾಡ್ತಾ ಇರಲ್ಲ."

ಅಪ್ಪ ಯಾರ ಪರವೂ ವಹಿಸುತ್ತಿರಲಿಲ್ಲ. ಸೌಟು ಎತ್ತ ಕಡೆ ಇದೆಯೋ ಅತ್ತ ತಟ್ಟೆ ಚಾಚುತ್ತಿದ್ದ.

ಅಪ್ಪ ಕ್ರೇನ್ ಓಡಿಸುವವನು. ದೊಡ್ಡ ರಸ್ತೆಯ ಆಚೆ ಏಳುತ್ತಿದ್ದ ಎತ್ತರದ ಕಟ್ಟಡದ ಪಕ್ಕದಲ್ಲಿ ಹಳದಿ ಬಣ್ಣದ ಕ್ರೇನ್ ನಿಂತಿತ್ತು. ಅದರ ಕಂಬದೊಳಗಿನ ಕಬ್ಬಿಣದ ಏಣಿ ಹತ್ತಿ, ತುದಿಯಲ್ಲಿದ್ದ ಗಾಜಿನ ಪುಟ್ಟ ಕ್ಯಾಬಿನ್ನಿನಲ್ಲಿ ಕೂತರೆ ಅವನ ದಿನ ಅಲ್ಲೇ. ಮಧ್ಯಾಹ್ನದ ಬುತ್ತಿಯೂ ಅಲ್ಲೇ. ಕಬ್ಬಿಣ, ಇಟ್ಟಿಗೆ, ಕಾಂಕ್ರೀಟ್ ತುಂಬಿದ ಬಕೆಟ್ಟು ಎಲ್ಲ ಅವನ ಕೈಯ ಸನ್ನೆಗೆ ಮೇಲೇರುತ್ತಿದ್ದವು. ಮನೆಯ ತಾರಸಿಯಿಂದ ನೋಡಿದರೆ ಆ ಕ್ರೇನಿನ ತೋಳು ಕಾಣುತ್ತಿತ್ತು. ಕೆಲಸ ಶುರು ಮಾಡುವ ಮುಂಚೆ ಖಾಲಿ ಕೊಕ್ಕೆಯನ್ನು ಒಂದು ಪೂರ್ತಿ ಸುತ್ತು, ನಿಧಾನವಾಗಿ, ತಿರುಗಿಸಿ ತರುವುದು ಅಪ್ಪನ ಅಭ್ಯಾಸ. ಬೇರೆ ಯಾವ ಕ್ರೇನಿನವನೂ ಹಾಗೆ ಮಾಡುತ್ತಿರಲಿಲ್ಲ. ಮಗಳು ತಾರಸಿಯಲ್ಲಿ ಬಟ್ಟೆ ಹರವುತ್ತಾ ಆ ಸುತ್ತು ಮುಗಿಯುವುದನ್ನು ನೋಡಿ ಕೆಳಗಿಳಿದು, "ತಲುಪಿದ" ಎನ್ನುತ್ತಿದ್ದಳು. ಆಮೇಲೇ ಅಜ್ಜಿ ಟೀ ಲೋಟ ಬಾಯಿಗಿಡುವುದು.

ಮಗಳನ್ನು ಮನೆಯಲ್ಲಿ ಕರೆಯುವುದು ಅಳಿಲು ಎಂದು. ಬಾಗಿಲು ಬಡಿದ ಸದ್ದಾದರೆ ಸಾಕು, ಬಂದವರ ಮುಖ ನೋಡುವ ಮೊದಲೇ ಒಳಕೋಣೆ ಸೇರುವವಳಿಗೆ ಅಜ್ಜಿ ಇಟ್ಟ ಹೆಸರು. ಡಿಗ್ರಿ ಮುಗಿದಿತ್ತು. ಕೆಲಸಕ್ಕೆ ಅರ್ಜಿ ಹಾಕುವವರೆಗೂ ಧೈರ್ಯವಿರುತ್ತಿತ್ತು, ಅಲ್ಲಿಂದ ಕರೆ ಬಂದ ದಿನ ಹೊಟ್ಟೆನೋವು ಬರುತ್ತಿತ್ತು. ಸದ್ಯಕ್ಕೆ ಅಮ್ಮ ಹೊಲಿಯುವ ಶಾಲಾ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅಮ್ಮನ ಮಿಷನ್ನು ಗಡಗಡ ಎನ್ನುತ್ತಿದ್ದರೆ, ಅದರ ಕಾಲಬುಡದಲ್ಲಿ ನೀಲಿ ಅಂಗಿಗಳ ರಾಶಿಯ ನಡುವೆ ಇವಳು.

ಸಂಜೆ ಅಪ್ಪ ಬರುವಾಗ ಹಣೆಗೆ ಟವೆಲ್ ಬಿಗಿದುಕೊಂಡೇ ಬರುತ್ತಿದ್ದ. ತಲೆನೋವು. ಕಟ್ಟಡದ ಗೇಟಿನ ಅಂಗಡಿಯಲ್ಲಿ ಎರಡು ಬಾಟಲಿ ಸಿಹಿ ಸೋಡಾ ಹೊಟ್ಟೆಗಿಳಿದಿರುತ್ತಿತ್ತು. ಬಂದೊಡನೆ ಟೀ, ಟೀ ಜೊತೆ ಒಂದು ಪ್ಯಾಕೆಟ್ ಬಿಸ್ಕತ್ತು. ಊಟಕ್ಕೆ ಕೂತರೆ ಎದ್ದೇಳುವ ಮಾತಿಲ್ಲ. ಊಟವಾದ ಮೇಲೆ ಬಾಳೆಹಣ್ಣು, ಮತ್ತೆ "ಏನಾದ್ರೂ ಇದ್ಯಾ?" ಎಂದು ಡಬ್ಬಗಳ ಮುಚ್ಚಳ ತೆಗೆದು ನೋಡುವುದು.

ಹೀಗಿರುವಾಗ ಕಂಪನಿಯ ವರ್ಷದ ವೈದ್ಯಕೀಯ ತಪಾಸಣೆ ಬಂತು. ಅಪ್ಪನ ಜೊತೆ ಅಮ್ಮನೂ ಹೋದಳು. ವಾಪಸು ಬಂದವಳು ಚಪ್ಪಲಿ ಬಿಡುವಷ್ಟರಲ್ಲೇ ಡಾಕ್ಟರಮ್ಮನ ವೇಷ ಹಾಕಿ ನಿಂತಳು.

"ಕೇಳಿ ಅತ್ತೆ, ನಿಮ್ಮ ಮಗ ಅಲ್ಲಿ ಏನು ಮರ್ಯಾದೆ ತೆಗೆದ್ರು ಅಂತ. ದಿನಕ್ಕೆ ಎಷ್ಟು ನೀರು ಕುಡೀತೀರಾ ಅಂದ್ರು ಡಾಕ್ಟರಮ್ಮ. ಇವರು, ಕುಡೀತೀನಿ ಅಂದ್ರು. ಎಷ್ಟು ಅಂತ ಕೇಳಿದ್ದು ಅಂದ್ರು. ಇವರು ನನ್ನ ಮುಖ ನೋಡ್ತಾರೆ, ನಾನೇನೋ ಕದ್ದಿಟ್ಟಿರೋ ಹಾಗೆ. ಕೊನೆಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಸೋಡಾ ಅಂದ್ರು. ಸೋಡಾನ ನೀರಿನ ಲೆಕ್ಕಕ್ಕೆ ಹಿಡೀಬೇಡಿ ಅಂತ ಬೈಸ್ಕೊಂಡ್ರು."

"ನೀರು ಕುಡೀದೇ ಇದ್ರೆ ದಪ್ಪ ಆಗ್ತಾರಾ?" ಅಜ್ಜಿಗೆ ನಂಬಿಕೆ ಬರಲಿಲ್ಲ. "ಒಣಗಬೇಕಲ್ವಾ?"

"ನಾನೂ ಅದೇ ಕೇಳ್ದೆ. ನೀರೇನು ಕೊಬ್ಬು ಕರಗಿಸೋ ಮಂತ್ರ ಅಲ್ಲಮ್ಮಾ ಅಂದ್ರು. ಇವರಿಗೆ ಆಗ್ತಿರೋದು ಬಾಯಾರಿಕೆ, ಅದನ್ನ ಹಸಿವು ಅಂದ್ಕೊಂಡು ತಿಂತಿದಾರೆ. ಬಾಯಾರಿಕೆಗೆ ಸಕ್ಕರೆ ಸೋಡಾ ಸುರೀತಿದಾರೆ. ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡೀಲಿ, ಊಟಕ್ಕೆ ಮುಂಚೆ ಒಂದು ಲೋಟ ಕುಡೀಲಿ, ಸೋಡಾ ಬಿಡಲಿ. ತಟ್ಟೆ ತಾನಾಗೇ ಚಿಕ್ಕದಾಗುತ್ತೆ, ತಲೆನೋವೂ ಇಳಿಯುತ್ತೆ ಅಂದ್ರು."

ಅಮ್ಮನ ದನಿ ಅಲ್ಲಿಗೆ ಇಳಿಯಿತು. ಹೇಳಬೇಕಾದ್ದು ಇನ್ನೂ ಇತ್ತು. ಸ್ಕ್ಯಾನಿನಲ್ಲಿ ಮೂತ್ರಪಿಂಡದಲ್ಲಿ ಮರಳಿನಷ್ಟು ಸಣ್ಣ ಕಲ್ಲುಗಳು ಕಂಡಿದ್ದವು. ಬಿಪಿ ಏರಿತ್ತು. ಮುಂದಿನ ತಿಂಗಳ ಕೊನೆಯಲ್ಲಿ ಮತ್ತೆ ನೋಡುತ್ತಾರೆ. ಅಷ್ಟರಲ್ಲಿ ಬಿಪಿ, ತೂಕ ಎರಡೂ ಇಳಿಯದಿದ್ದರೆ ಅಪ್ಪನಿಗೆ ಏಣಿ ಹತ್ತಲು ಅನುಮತಿ ಇಲ್ಲ.

"ಹತ್ತದೇ ಇದ್ರೆ?" ಅಳಿಲು ಕೇಳಿದಳು.

"ಕೆಳಗೆ ಗೋಡೌನಲ್ಲಿ ಕೂರಿಸ್ತಾರೆ. ಮೊಳೆ ಎಣಿಸೋಕೆ," ಎಂದ ಅಪ್ಪ. ಅಷ್ಟು ಹೇಳಿ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಎಷ್ಟೋ ವರ್ಷ ಕೆಳಗೆ ನಿಂತು ಕಬ್ಬಿಣಕ್ಕೆ ಹಗ್ಗ ಬಿಗಿಯುತ್ತಿದ್ದವನು ಕಲಿತು, ಪರೀಕ್ಷೆ ಪಾಸು ಮಾಡಿ, ಆ ಗಾಜಿನ ಕೋಣೆಗೆ ಏರಿದ್ದ. ನಲ್ಲಿ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಮರುದಿನವೇ ಅಮ್ಮ ನೀಲಿ ಮುಚ್ಚಳದ ದೊಡ್ಡ ಕ್ಯಾನು ತಂದಳು. ಹೆಗಲಿಗೆ ಹಾಕಿಕೊಳ್ಳಲು ಸಮವಸ್ತ್ರದ ತುಂಡು ಬಟ್ಟೆಯಲ್ಲೇ ಅದಕ್ಕೊಂದು ಚೀಲ ಹೊಲಿದಳು. ನೀರನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ತುಂಬಿಸುತ್ತಿದ್ದಳು. ಕಲ್ಲಿನ ಮಾತು ಕೇಳಿದ ಮೇಲೆ ಅವಳಿಗೆ ನಲ್ಲಿಯ ಮೇಲೂ ಅನುಮಾನ. ಸಂಜೆ ಅಪ್ಪ ಬಂದೊಡನೆ ಕ್ಯಾನನ್ನು ಸಿಂಕಿನ ಮೇಲೆ ಬೋರಲು ಹಿಡಿಯುವಳು. ಒಂದು ಹನಿ ಬೀಳುತ್ತಿರಲಿಲ್ಲ.

"ನೋಡಿದ್ರಾ ಅತ್ತೆ? ಹೇಳೋ ಹಾಗೆ ಹೇಳಿದ್ರೆ ಕೇಳ್ತಾರೆ."

"ನನ್ನ ಮಗ ಚಿಕ್ಕವನಿದ್ದಾಗಲೂ ಹಾಗೇನೇ," ಎಂದು ಅಜ್ಜಿ ಅರ್ಧ ಪಾಲು ತನ್ನದಾಗಿಸಿಕೊಂಡಳು.

ಕೆಲವು ದಿನ ಮನೆ ತಣ್ಣಗಿತ್ತು. ಸೌಟಿನ ಜಗಳವೇ ಇಲ್ಲ. ಆದರೆ ಅಪ್ಪನ ಹಣೆಯ ಟವೆಲ್ ಮಾತ್ರ ಇಳಿದಿರಲಿಲ್ಲ. ಶನಿವಾರ ಅಮ್ಮ ಅವನನ್ನು ಔಷಧಿ ಅಂಗಡಿಯ ತೂಕದ ಮಿಷನ್ನಿನ ಮೇಲೆ ನಿಲ್ಲಿಸಿದಳು. ತೂಕ ಇಳಿಯುವುದಿರಲಿ, ಸ್ವಲ್ಪ ಏರಿತ್ತು.

ಮನೆಗೆ ಬಂದವಳು ನೇರ ಅಜ್ಜಿಯ ಮಂಚದ ಹತ್ತಿರ ಹೋಗಿ ದಿಂಬು ಎತ್ತಿದಳು. ದಿಂಬಿನ ಕೆಳಗೆ ಬಿಸ್ಕತ್ತಿನ ಪ್ಯಾಕೆಟ್ಟಿತ್ತು.

"ಇದೇನು ಅತ್ತೆ?"

"ಬಿಸ್ಕತ್ತು. ಕಣ್ಣು ಕಾಣಲ್ವಾ?"

"ಯಾರಿಗೆ?"

"ನನಗೆ. ನನ್ನ ಹಲ್ಲಿಗೆ ಟೀಲಿ ಅದ್ದಿದ್ದು ಬಿಟ್ಟು ಇನ್ನೇನು ಹಿಡಿಯುತ್ತೆ?"

"ಅಂದ್ರೆ ನಾನು ಒಂದು ಕಡೆ ನೀರು ಕುಡಿಸ್ತಿರ್ಲಿ, ನೀವು ಇನ್ನೊಂದು ಕಡೆ ಕದ್ದು ತಿನ್ನಿಸ್ತಿರಿ. ಅವರ ಕೆಲಸ ಹೋದ್ರೆ ನಿಮಗೇನು ಬಂತು?"

ಅಜ್ಜಿಯ ಮುಖ ಸಪ್ಪಗಾಯಿತು. "ಹೌದಮ್ಮಾ. ನನ್ನ ಮಗನಿಗೆ ನಾನೇ ವಿಷ ಹಾಕ್ತಿದೀನಿ ಅನ್ನು. ಅದೊಂದು ಬಾಕಿ ಇತ್ತು."

ಅಂದಿನಿಂದ ಅಜ್ಜಿ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತಟ್ಟೆ ಅವಳ ಮಂಚಕ್ಕೇ ಹೋಗಬೇಕು, ಅದನ್ನು ಅಳಿಲೇ ಒಯ್ಯಬೇಕು. "ಉಪ್ಪು ಕಮ್ಮಿ ಅಂತ ಹೇಳು ನಿಮ್ಮಮ್ಮನಿಗೆ" ಎಂದು ಆ ಕೋಣೆಯಿಂದ, "ಬೇಕಾದ್ರೆ ಬಂದು ಹಾಕ್ಕೊಳ್ಳಲಿ ಅನ್ನು" ಎಂದು ಈ ಕೋಣೆಯಿಂದ. ಅಳಿಲು ಎರಡೂ ಕಡೆಯ ಮಾತನ್ನು ಹೊಸಿಲು ದಾಟಿಸದೆ ನುಂಗಿ, ಉಪ್ಪಿನ ಬಟ್ಟಲನ್ನು ತಾನೇ ತಂದಿಡುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಮ್ಮೊಮ್ಮೆ ಅಜ್ಜಿಯ ಕೋಣೆಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದು, ಅದಕ್ಕೆ ಇನ್ನೊಂದು ತುತ್ತು ತುಂಬುತ್ತಿದ್ದ.

ಭಾನುವಾರ ಮಧ್ಯಾಹ್ನ ಪೀಪಿ ಮಾವ ಬಂದ. ಸ್ವಂತ ಮಾವನಲ್ಲ. ಅಪ್ಪನ ಕ್ರೇನಿನ ಕೆಳಗೆ ನಿಂತು, ಸೀಟಿ ಊದುತ್ತಾ ಕೈಸನ್ನೆ ಮಾಡಿ, ಕೊಕ್ಕೆ ಎಲ್ಲಿಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ತೋರಿಸುವವನು. ಅಮ್ಮನನ್ನು ಅಕ್ಕಾ ಎಂದು ಕರೆದು ಕರೆದು ಮಾವನಾಗಿದ್ದ. ಪ್ಯಾಂಟಿನ ಉದ್ದ ಕಮ್ಮಿ ಮಾಡಿಸಲು ತಂದಿದ್ದ. ಅಪ್ಪ ಮಲಗಿದ್ದ. ಅಮ್ಮ ಆಗಲೇ ಮಿಷನ್ ತುಳಿಯತೊಡಗಿದ್ದಳು, ಆ ಸದ್ದಿನಲ್ಲಿ ಅವಳಿಗೆ ಗುಡುಗಿದರೂ ಕೇಳದು. ಓಡಿಹೋಗಲು ಸಮಯ ಸಿಗದೆ ಅಳಿಲೇ ಟೀ ಕೊಡಬೇಕಾಯಿತು.

"ಏನು ಅಳಿಲಮ್ಮಾ, ಇವತ್ತು ಮರ ಹತ್ತಲಿಲ್ವಾ?" ಪೀಪಿ ಮಾವ ಲೋಟ ತೆಗೆದುಕೊಂಡ. "ಅದಿರ್ಲಿ, ನಿಮ್ಮಪ್ಪನಿಗೆ ಈ ನಡುವೆ ಏನು ಶೋಕಿ ಹತ್ತಿದೆ? ಕ್ಯಾಬಿನ್ನಿನ ಗಾಜು ಫಳಫಳ ಅಂತಿದೆ. ಕೆಳಗಿಂದ ನೋಡಿದ್ರೆ ಕಣ್ಣಿಗೆ ಹೊಡೆಯುತ್ತೆ. ಊಟ ಆಯ್ತೋ ಇಲ್ವೋ, ಕೈ ಹೊರಗೆ ಹಾಕಿ ತೊಳೆದಿದ್ದೇ ತೊಳೆದಿದ್ದು. ಅಷ್ಟು ನೀರು ಎಲ್ಲಿಂದ ತರ್ತಾನೋ."

ಅಳಿಲು ಟೀ ತಟ್ಟೆಯನ್ನು ಕೆಳಗಿಟ್ಟಳು. ಎಂದಿನಂತೆ ಒಳಗೆ ಹೋಗದೆ ಅಲ್ಲೇ ನಿಂತಳು.

"ಮಾವ, ಅಪ್ಪ ಮಧ್ಯದಲ್ಲಿ ಕೆಳಗೆ ಇಳಿಯಲ್ವಾ? ಟೀಗೆ, ಅಥವಾ... ಹಾಗೇ?"

"ಎಲ್ಲಿ ಇಳೀತಾನೆ. ಹತ್ತೂವರೆಗೆ, ಮೂರಕ್ಕೆ ನಾವೆಲ್ಲ ಶೆಡ್ಡಲ್ಲಿ ಟೀ ಕುಡೀವಾಗ ಕೈ ಬೀಸಿ ಕರೀತೀನಿ. ಬೇಡ ಅಂತಾನೆ." ಪೀಪಿ ಮಾವ ಮಲಗಿದ್ದವನ ಕಡೆ ನೋಡಿ ದನಿ ತಗ್ಗಿಸಿದ. "ಮುಂಚೆ ಇಳೀತಿದ್ದ. ಹೋದ ವರ್ಷ ಒಂದಿನ ಏಣಿಯ ಕಿಂಡಿಯಲ್ಲಿ ಸಿಕ್ಕಿಹಾಕ್ಕೊಂಡ. ಅಲ್ಲಲ್ಲಿ ನಿಲ್ಲೋಕೆ ಕಬ್ಬಿಣದ ಕಟ್ಟೆ ಇರುತ್ತಲ್ಲ, ಅದರಲ್ಲಿ ಒಂದು ಚೌಕಾಕಾರದ ಕಿಂಡಿ, ಅದರಲ್ಲಿ ನುಸುಳಿ ಹೋಗ್ಬೇಕು. ಬೆನ್ನಲ್ಲಿ ಬ್ಯಾಗು ಬೇರೆ. ಗಾರೆ ಕೆಲಸದ ಹುಡುಗ್ರು ಕೆಳಗಿಂದ ನೋಡಿ, ಎಣ್ಣೆ ತನ್ರೋ, ಸವರಿ ಎಳೆಯೋಣ ಅಂದ್ರು. ನಾನೂ ನಕ್ಕೆ ಅನ್ನು. ಅವನು ನಗಲಿಲ್ಲ. ಅವತ್ತಿಂದ ಎಲ್ಲರಿಗಿಂತ ಮುಂಚೆ ಹತ್ತುತ್ತಾನೆ, ಎಲ್ಲರೂ ಹೋದ ಮೇಲೆ ಇಳೀತಾನೆ."

ಟೀ ಮುಗಿಸಿ ಲೋಟ ಕೊಡುತ್ತಾ ಮತ್ತೆ ಹೇಳಿದ: "ಮೊನ್ನೆ ಇಳಿಯೋವಾಗ ನಡುವೆ ನಿಂತುಬಿಟ್ಟಿದ್ದ. ಒಂದು ಕೈಲಿ ಪಕ್ಕೆ ಹಿಡ್ಕೊಂಡು. ಏನಿಲ್ಲ, ಚಳುಕು ಅಂದ. ನಾನು ಕೆಳಗೆ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ."

ಸಂಜೆಯವರೆಗೆ ಅಳಿಲು ಹಚ್ಚಿದ ಗುಂಡಿಗಳನ್ನು ಮತ್ತೆ ಬಿಚ್ಚಬೇಕಾಯಿತು. ಎಲ್ಲ ಉಲ್ಟಾ ಬಿದ್ದಿದ್ದವು. ಅಮ್ಮನಿಗೆ ಹೇಳಿದರೆ ಅಪ್ಪನ ಗತಿ ಏನು ಎಂಬುದು ಗೊತ್ತಿತ್ತು. ಹೇಳದಿದ್ದರೆ ಅಜ್ಜಿ ಒಂಟಿಯಾಗಿ ಉಣ್ಣುತ್ತಲೇ ಇರಬೇಕು. ಆ ಏಣಿಯ ಮೇಲೆ ಇನ್ನೊಂದು ಸಲ ಚಳುಕು ಬಂದರೆ? ಅವಳು ಒಂದು ಚೊಂಬು ನೀರು, ಎರಡು ಲೋಟ ತೆಗೆದುಕೊಂಡು ತಾರಸಿಗೆ ಹೋದಳು. ಅಪ್ಪ ಗೋಡೆಗೆ ಮೊಣಕೈ ಊರಿ ದೂರದ ಕ್ರೇನನ್ನು ನೋಡುತ್ತಿದ್ದ.

"ಅಪ್ಪಾ, ಗಾಜು ಚೆನ್ನಾಗಿ ಹೊಳೀತಿದೆಯಂತೆ. ಪೀಪಿ ಮಾವ ಹೇಳಿದ್ರು."

ಅಪ್ಪ ತಿರುಗಲಿಲ್ಲ. "ಅಮ್ಮನಿಗೆ ಹೇಳಿದ್ಯಾ?" ಎಂದ.

"ಇಲ್ಲ."

"ಹೇಳ್ಬೇಡ."

"ಅಜ್ಜಿ ಒಬ್ಬಳೇ ಊಟ ಮಾಡ್ತಿದಾಳೆ. ಅವಳೇನೂ ಮಾಡಿಲ್ಲ."

"ಗೊತ್ತು." ಅಪ್ಪ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ. "ನೀರು ಕುಡಿದ್ರೆ ಒಂದಕ್ಕೆ ಇಳೀಬೇಕಾಗುತ್ತೆ. ಅಲ್ಲೇ ಬಾಟಲೀಲಿ ಮುಗಿಸೋರೂ ಇದಾರೆ. ನನ್ನ ಕೈಲಾಗಲ್ಲ, ನಾನು ಊಟ ಮಾಡೋ ಜಾಗ ಅದು."

"ಹಾಗಾದ್ರೆ ಇಳಿ."

"ನೀನು ಹೇಳ್ತೀಯಾ. ಬಾಗಿಲು ಬಡಿದ್ರೆ ಕೋಣೆಗೆ ಓಡೋಳು."

"ಹೌದು. ಅದಕ್ಕೇ ನನಗೆ ಗೊತ್ತು, ಎಲ್ಲರೂ ನೋಡ್ತಾರೆ ಅಂದ್ರೆ ಹೇಗಾಗುತ್ತೆ ಅಂತ. ಆದ್ರೆ ನಾನು ಕೋಣೇಲಿ ಕೂತ್ರೆ ಬಿದ್ದು ಸಾಯಲ್ಲ ಅಪ್ಪಾ. ನೀನು ಏಣಿ ಮಧ್ಯ ಪಕ್ಕೆ ಹಿಡ್ಕೊಂಡು ನಿಂತಿದ್ಯಂತಲ್ಲ. ಇನ್ನೊಂದು ಕೈಯೂ ಬಿಟ್ಟಿದ್ರೆ?"

ದನಿ ಅವಳಿಗೇ ಗೊತ್ತಾಗದಂತೆ ಏರಿತ್ತು. ಪಕ್ಕದ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ಇತ್ತ ತಿರುಗಿ ನೋಡಿದಳು. ಅಳಿಲಿನ ಕಿವಿ ಬಿಸಿಯಾಯಿತು, ಆದರೂ ಅವಳು ಕದಲಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ಹಿಡಿದೇ ನಿಂತಳು.

ಅಪ್ಪ ಅದನ್ನು ತೆಗೆದುಕೊಂಡು ಕುಡಿದ. ಇನ್ನೊಂದು ಲೋಟ ಕೇಳಿದ.

ರಾತ್ರಿ ತಟ್ಟೆಗಳನ್ನು ಇಡುವಾಗ ಅವನು ಅಜ್ಜಿಯ ಕೋಣೆಯ ಬಾಗಿಲಿಗೆ ಹೋದ. "ಅಮ್ಮಾ, ಈಚೆ ಬಾ. ಎಲ್ಲರೆದುರೇ ಒಂದು ಮಾತು ಹೇಳ್ಬೇಕು."

ಅಜ್ಜಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೂರಲಿಲ್ಲ.

"ಬಿಸ್ಕತ್ತಿನದ್ದೇನೂ ತಪ್ಪಿಲ್ಲ," ಅಪ್ಪ ನೆಲ ನೋಡುತ್ತಾ ಹೇಳಿದ. "ನಾನು ನೀರು ಕುಡೀತಾನೇ ಇರಲಿಲ್ಲ. ಕ್ಯಾನಿನ ನೀರಲ್ಲಿ ಕ್ಯಾಬಿನ್ ಗಾಜು ತೊಳೀತಿದ್ದೆ. ಸೋಡಾನೂ ಬಿಟ್ಟಿಲ್ಲ."

ಅಮ್ಮ ಹಿಡಿದಿದ್ದ ತಟ್ಟೆಯನ್ನು ನೆಲಕ್ಕಿಟ್ಟಳು. "ನಾನು ಕುದಿಸಿ, ಆರಿಸಿ, ಸೋಸಿ ಕೊಟ್ಟ ನೀರಲ್ಲಿ... ಗಾಜು ತೊಳೆದ್ರಾ?"

"ಹೂಂ."

"ಗ್ಯಾಸು ಖರ್ಚು ಮಾಡಿ ಕುದಿಸಿದ ನೀರಲ್ಲಿ?"

"ಹೂಂ ಅಂದ್ನಲ್ಲ."

"ಹಾಗಾದ್ರೆ ಗಾಜು ಸಣ್ಣಗಾಗಿರಬೇಕು, ತೂಕ ಹಾಕಿ ನೋಡೋ," ಎಂದಳು ಅಜ್ಜಿ ಬಾಗಿಲಿನಿಂದ.

ಮೊದಲು ನಕ್ಕಿದ್ದು ಅಳಿಲು. ಅಮ್ಮ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ನಗು ನಿಂತ ಮೇಲೆ ಅವಳ ಕಣ್ಣು ತುಂಬಿತ್ತು. "ಯಾಕ್ರೀ ಹೀಗೆ ಮಾಡಿದ್ರಿ?" ಎಂದಳು. ಅಪ್ಪ ಏಣಿಯ ಕಿಂಡಿಯ ಕಥೆ ಹೇಳಿದ. ಎಣ್ಣೆಯ ಮಾತಿನ ಹತ್ತಿರ ಬಂದಾಗ ಯಾರೂ ನಗಲಿಲ್ಲ.

ಅಮ್ಮ ಎದ್ದು ಹೋಗಿ ಅಜ್ಜಿಯ ಕೈಗೆ ಸೌಟು ಕೊಟ್ಟಳು. "ನೀವೇ ಬಡಿಸಿ ಅತ್ತೆ. ನನ್ನ ಬಾಯಿ ಜಾಸ್ತಿ ಆಯ್ತು ಮೊನ್ನೆ."

"ಬಾಯಿ ಯಾವತ್ತು ಕಮ್ಮಿ ಇತ್ತು," ಎನ್ನುತ್ತಾ ಅಜ್ಜಿ ಕೂತಳು. ಮಗನ ತಟ್ಟೆಗೆ ಒಂದು ಸೌಟು ಹಾಕಿದಳು. ಎರಡನೆಯದನ್ನು ತುಂಬಿ, ಸೊಸೆಯ ಮುಖ ನೋಡಿ, ಅವಳ ತಟ್ಟೆಗೆ ಹಾಕಿದಳು.

ಪೀಪಿ ಮಾವನ ಪ್ಯಾಂಟು ಕೊಟ್ಟು ಬರಲು ಮಾರನೆಯ ಸಂಜೆ ಅಳಿಲೇ ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರು ಹಾಕಿಕೊಂಡು ಹೋಗಿ, ಅವನ ಬಾಗಿಲಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಇಷ್ಟೇನಾ?" ಪೀಪಿ ಮಾವ ತಲೆ ಕೆರೆದುಕೊಂಡ. "ಪೂರ್ತಿ ಕೆಳಗೆ ಬರೋದೂ ಬೇಡ. ಕಂಬದಿಂದ ಎಂಟನೇ ಮಹಡಿಗೆ ಕಬ್ಬಿಣದ ಕಾಲುದಾರಿ ಇದೆ. ಅಲ್ಲಿ ಟೈಲ್ಸ್ ಹಾಕೋರಿಗೆ ಅಂತ ಪಾಯಿಖಾನೆ ಕಟ್ಟಿದಾರೆ. ಟೀ ಹೊತ್ತಲ್ಲಿ ಅವರೂ ಶೆಡ್ಡಲ್ಲಿರ್ತಾರೆ, ನೊಣ ಕೂಡ ಇರಲ್ಲ ಮೇಲೆ. ನಾನು ಸೀಟಿ ಊದಿ ಕೊಕ್ಕೆ ಖಾಲಿ ಮಾಡಿಸ್ತೀನಿ, ಅವನು ಇಳಿದು ಹೋಗಿ ಬರಲಿ. ಇದಕ್ಕೆ ಒಂದು ವರ್ಷ ಬಾಯಿ ಒಣಗಿಸ್ಕೊಂಡ್ನಾ, ನನ್ನ ಭಾವ?" ಆಮೇಲೆ ಮೆಲ್ಲಗೆ ಹೇಳಿದ: "ನಾನೂ ನಗಬಾರದಿತ್ತು."

ಮೊದಲ ದಿನ ಅಪ್ಪ ಕ್ಯಾನಿನ ಅರ್ಧವನ್ನು ಒಂದೇ ಸಲಕ್ಕೆ ಗಟಗಟ ಇಳಿಸಿ, ಕೊಡ ಹೊತ್ತವನಂತೆ ಕುಲುಕಾಡುತ್ತಾ ಏಣಿ ಇಳಿದನಂತೆ. ಡಾಕ್ಟರಮ್ಮ ಸ್ವಲ್ಪ ಸ್ವಲ್ಪ ಎಂದದ್ದನ್ನು ಅಮ್ಮ ಮತ್ತೆ ಹೇಳಿ ಕಳಿಸಿದಳು. ಸೂಪರ್‌ವೈಸರ್ ಒಂದು ದಿನ ಕ್ರೇನ್ ಯಾಕೆ ನಿಂತಿದೆ ಎಂದು ಗೊಣಗಿದ. ಎಲ್ಲರ ಕೈಯಲ್ಲೂ ಟೀ ಲೋಟ ಇರುವಾಗ ಅದೊಂದು ಯಾಕೆ ಓಡಬೇಕು ಎಂದು ಪೀಪಿ ಮಾವ ಕೇಳಿದ ಮೇಲೆ ಸುಮ್ಮನಾದ.

ಸಂಜೆ ಅಪ್ಪ ಗೇಟಿನ ಅಂಗಡಿ ದಾಟಿ ಬರತೊಡಗಿದ. ಒಂದೆರಡು ದಿನ ಸೋಡಾದ ನೆನಪಿಗೆ ಮುಖ ಹುಳಿ ಮಾಡಿಕೊಂಡಿದ್ದ, ಆಮೇಲೆ ಮರೆತ. ಹಣೆಯ ಟವೆಲ್ ಗೂಟದಲ್ಲೇ ಉಳಿಯಿತು. ಊಟಕ್ಕೆ ಮುಂಚೆ ಅವನ ಮುಂದೆ ಒಂದು ಲೋಟ ನೀರು ಇಡುವುದು ಅಜ್ಜಿಯ ಕೆಲಸವಾಯಿತು, ಅದು ಖಾಲಿಯಾಗುವ ತನಕ ಸೌಟು ಮೇಲೇಳುತ್ತಿರಲಿಲ್ಲ. ಊಟದ ಮೇಲೆ ಡಬ್ಬಗಳ ಮುಚ್ಚಳದ ಸದ್ದು ಕೇಳದೆ ಅಮ್ಮ ಒಂದು ದಿನ, "ಯಾಕ್ರೀ, ಹುಷಾರಿಲ್ವಾ?" ಎಂದೇ ಕೇಳಿದಳು. ತೂಕದ ಮಿಷನ್ನು ಮೊದಲ ವಾರ ಏನೂ ಹೇಳಲಿಲ್ಲ. ಆಮೇಲೆ ಚೂರು ಚೂರೇ ಇಳಿಯಿತು. ನೀರಿನಿಂದಲೋ, ಬಿಟ್ಟ ಸೋಡಾದಿಂದಲೋ, ದಿನಕ್ಕೆ ಇನ್ನೆರಡು ಸಲ ಹತ್ತಿ ಇಳಿದ ಏಣಿಯಿಂದಲೋ, ಯಾರು ಲೆಕ್ಕ ಇಟ್ಟರು. ಬೆಲ್ಟು ಹಳೆಯ ತೂತಿಗೆ ಮರಳಿತು.

ತಪಾಸಣೆಯ ದಿನ ಬೆಳಿಗ್ಗೆ ಅಪ್ಪ ಒಬ್ಬನೇ ಹೊರಟ. ಅಮ್ಮ ಬಂದರೆ ಬಿಪಿ ಏರುತ್ತದೆ ಎಂದ. ಪಾಸಾದರೆ ಅಲ್ಲಿಂದಲೇ ನೇರ ಕೆಲಸಕ್ಕೆ, ಫೋನು ಎಂದಿನಂತೆ ಕೆಳಗೆ ಪೆಟ್ಟಿಗೆಯಲ್ಲಿ. ತಿಳಿಯಲು ಮನೆಯವರಿಗೆ ಇದ್ದದ್ದು ತಾರಸಿ ಒಂದೇ.

ಮಧ್ಯಾಹ್ನ ಊಟ ಮುಗಿಸಿದ ನೆಪ ಮಾಡಿ ಮೂವರೂ ಮೇಲೆ ಹೋದರು. ಅಮ್ಮನ ಕೈಯಲ್ಲಿ ಕಾಲರ್ ಹೊಲಿಯದ ಅಂಗಿ, ಅಜ್ಜಿಗೆ ಕೂರಲು ಒಂದು ಸ್ಟೂಲು. ಕ್ರೇನಿನ ತೋಳು ಬೆಳಗಿನಿಂದ ಕದಲಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಅಲ್ಲಾಡಿತು.

"ಹತ್ತಿದ್ರು, ಹತ್ತಿದ್ರು," ಎಂದಳು ಅಮ್ಮ.

"ಬೇರೆ ಯಾರನ್ನಾದ್ರೂ ಹತ್ತಿಸಿದ್ರೆ?" ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಅಳಿಲೇ, ನೀನು ನೋಡಿ ಹೇಳು. ನನ್ನ ಕಣ್ಣಿಗೆ ಎಲ್ಲ ಮಸುಕು."

ಅಳಿಲು ಕೊಕ್ಕೆಯನ್ನೇ ನೋಡಿದಳು. ಕೊಕ್ಕೆಗೆ ಏನನ್ನೂ ಸಿಕ್ಕಿಸಿರಲಿಲ್ಲ. ತೋಳು ಕಟ್ಟಡದ ಮೇಲಿಂದ ಸರಿದು, ರಸ್ತೆಯ ಮೇಲೆ ಬಂದು, ಇವರ ಕಡೆಗೆ ತಿರುಗಿ, ಮತ್ತೆ ಆಚೆ ಹೋಗಿ, ನಿಧಾನವಾಗಿ, ಹೊರಟಲ್ಲಿಗೇ ಬಂದು ನಿಂತಿತು. ಒಂದು ಪೂರ್ತಿ ಸುತ್ತು.

"ತಲುಪಿದ," ಎಂದಳು.

ಅಮ್ಮ ಕೈಯಲ್ಲಿದ್ದ ಅಂಗಿಯಿಂದಲೇ ಮುಖ ಒರೆಸಿಕೊಂಡಳು. ಅಜ್ಜಿ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ಯಾರಿಗೂ ಕೆಳಗೆ ಹೋಗುವ ಮನಸ್ಸಾಗಲಿಲ್ಲ. ಕೊಕ್ಕೆಗೆ ಕಬ್ಬಿಣದ ಕಟ್ಟು ಏರಿತು, ಇಳಿಯಿತು, ಮತ್ತೆ ಏರಿತು. ಅಳಿಲು ಅಂಗಿಗಳನ್ನು ಅಲ್ಲಿಗೇ ತಂದು, ನೆರಳಿನಲ್ಲಿ ಕೂತು ಗುಂಡಿ ಹಚ್ಚತೊಡಗಿದಳು. ಪಕ್ಕದ ತಾರಸಿಯ ಹೆಂಗಸು ಏನಮ್ಮಾ ವಿಶೇಷ ಎಂದಾಗ, ಅಪ್ಪನ ಕ್ರೇನ್ ನೋಡ್ತಿದೀವಿ ಆಂಟಿ ಎಂದು ಕೂತಲ್ಲಿಂದಲೇ ಹೇಳಿದಳು.

ಮೂರು ಗಂಟೆಯ ಹೊತ್ತಿಗೆ ಕ್ರೇನ್ ಗಕ್ಕನೆ ನಿಂತಿತು. ಕೊಕ್ಕೆ ಖಾಲಿಯಾಗಿ ನೇತಾಡುತ್ತಿತ್ತು.

ಅಜ್ಜಿ ಸ್ಟೂಲಿನಿಂದ ಎದ್ದೇಬಿಟ್ಟಳು. "ಯಾಕೆ ನಿಂತುಹೋಯ್ತು? ಏನಾಯ್ತೇ ಅವನಿಗೆ?"

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಏನಾಗಿಲ್ಲ, ಕೂತ್ಕೊಳ್ಳಿ ಅತ್ತೆ. ನೀರು ಕುಡಿದಿದಾರೆ."